ಮೈಮೇಲೆ ಇಟ್ಟುಕೊಳ್ಳುವ ಸಣ್ಣ ಪಿಸ್ತೂಲು: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭೀಮಸಮುದ್ರದ ಅಡಿಕೆ ವ್ಯಾಪಾರಿಗಳು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ ನಡೆಸುವವರು, ದಾವಣಗೆರೆಯಲ್ಲಿ ಚಿನ್ನದ ಅಂಗಡಿ ಇಟ್ಟವರು, ಊರಿಂದ ದೂರ ತೋಟದ ಮನೆಯಲ್ಲಿ ಇರುವವರು. ಪಿಸ್ತೂಲಿನ ವಿಚಾರ ಕೇಳುವವರು ಹೆಚ್ಚಾಗಿ ಇವರೇ. ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿದು ಒಳ್ಳೇದು?" ಅಂತ. ಆದರೆ ನಮ್ಮಲ್ಲಿ ಆಯ್ಕೆ ಇರುವುದೇ ನಾಲ್ಕೈದು. ನಿಜವಾಗಿ ಯೋಚಿಸಬೇಕಾದದ್ದು ನಿಮ್ಮ ಕೈ, ನಿಮ್ಮ ಬಟ್ಟೆ, ನಿಮ್ಮ ಮನೆ ಮತ್ತು ನಿಮ್ಮ ಲೈಸೆನ್ಸಿನ ಮೇಲೆ ಬರೆದಿರುವ ಸಾಲುಗಳ ಬಗ್ಗೆ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳಿದ್ದೇನೆ.

ಮೊದಲು ಪಿಸ್ತೂಲು ನೋಡಿಕೊಂಡು ಬರಬೇಕಾ, ಲೈಸೆನ್ಸ್ ಮಾಡಿಸಬೇಕಾ?

ಲೈಸೆನ್ಸ್ ಮೊದಲು. ಕೈಯಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲಿಗೆ ಅಡ್ವಾನ್ಸ್ ಕೊಡಬೇಡಿ.

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಅರ್ಜಿ ಹಾಕಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಪೊಲೀಸ್ ಕಮಿಷನರ್ ಲೈಸೆನ್ಸ್ ಕೊಡುತ್ತಾರೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಕಮಿಷನರೇಟ್ ಇಲ್ಲ. ಹಾಗಾಗಿ ಜಿಲ್ಲಾಧಿಕಾರಿಯೇ ಕೊಡಬೇಕು. ಅರ್ಜಿ ಡಿಸಿ ಆಫೀಸಿಗೆ ಹೋಗುತ್ತದೆ, ಅಲ್ಲಿಂದ ಎಸ್‌ಪಿ ಮೂಲಕ ನಿಮ್ಮ ಠಾಣೆಗೆ ಬರುತ್ತದೆ. ಠಾಣೆಯವರು ಮನೆಗೆ ಬಂದು ವಿಚಾರಿಸಿ ವರದಿ ಕಳಿಸುತ್ತಾರೆ. ವರದಿಗೆ ನಿಯಮದಲ್ಲಿ 30 ದಿನ ಅಂತಿದೆ. ಎಲ್ಲಾ ಸೇರಿ ಅದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ವಯಸ್ಸು 21 ಆಗಿರಬೇಕು. ಒಬ್ಬರ ಹೆಸರಲ್ಲಿ ಎರಡೇ ಬಂದೂಕು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಸಿದರು. ತೋಟಕ್ಕೆ ಅಂತ ಒಂದು ಕೋವಿ ಈಗಾಗಲೇ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು.

ಅರ್ಜಿ ಹಾಕಿದವರಿಗೆಲ್ಲಾ ಸಿಗುತ್ತಾ?

ಇಲ್ಲ. ಇದು ಡ್ರೈವಿಂಗ್ ಲೈಸೆನ್ಸ್ ಅಲ್ಲ. ನಿಮಗೆ ಇದು ಯಾಕೆ ಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ತೋರಿಸಬೇಕು. ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ವ್ಯಾಪಾರ ಇದ್ದರೆ ಅದರ ದಾಖಲೆ, ಒಂಟಿ ಮನೆ ಆಗಿದ್ದರೆ ಅದರ ವಿವರ ಇಟ್ಟುಕೊಳ್ಳಿ. ನಿಮ್ಮ ಮೇಲೆ ಕೇಸು ಇದ್ದರೆ ಮುಚ್ಚಿಡಬೇಡಿ. ಠಾಣೆಯ ವರದಿಯಲ್ಲಿ ಅದು ಬಂದೇ ಬರುತ್ತದೆ, ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗುತ್ತದೆ.

ಡಿಸಿ ತಿರಸ್ಕರಿಸಿದರೆ ಮೇಲ್ಮನವಿಗೆ ಅವಕಾಶ ಇದೆ.

ಇನ್ನೊಂದು ಮಾತು. ಕ್ಯಾಶ್ ಒಯ್ಯುವ ಭಯಕ್ಕೆ ಪಿಸ್ತೂಲು ಕೇಳುವವರು ಮೊದಲು ಕ್ಯಾಶ್ ಒಯ್ಯುವುದನ್ನೇ ಕಡಿಮೆ ಮಾಡಲು ಆಗುತ್ತಾ ನೋಡಿ. ದುಡ್ಡು ಬ್ಯಾಂಕಿಗೆ ನೇರ ಹೋದರೆ ಸೊಂಟದಲ್ಲಿ ಏನೂ ಬೇಕಾಗಿಲ್ಲ. ಬ್ಯಾಗಿನಲ್ಲಿ ದುಡ್ಡೂ ಸೊಂಟದಲ್ಲಿ ಪಿಸ್ತೂಲೂ ಇದ್ದರೆ ಕಳ್ಳನಿಗೆ ಕದಿಯುವುದಕ್ಕೆ ಎರಡು ವಸ್ತು ಸಿಕ್ಕ ಹಾಗೆ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಅಂಗಿ ಒಳಗೆ ಮುಚ್ಚಿಟ್ಟುಕೊಂಡು ಓಡಾಡುವುದು ತಪ್ಪಲ್ವಾ?

ತಪ್ಪಲ್ಲ, ನಮ್ಮ ನಿಯಮ ಹೇಳುವುದೇ ಅದನ್ನು. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವಾಗ ಅದು ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿ ಇರಬೇಕು ಅಂತ 2016ರ ನಿಯಮಗಳಲ್ಲಿ ಇದೆ. ಹೊರಗೆ ಕಾಣುವ ಹಾಗೆ ಸಿಕ್ಕಿಸಿಕೊಂಡು ಮದುವೆಗೆ ಹೋಗುವುದು, ಜಗಳದಲ್ಲಿ ತೆಗೆದು ತೋರಿಸುವುದು ತಪ್ಪು. ಫೋಟೋಕ್ಕೆ ಹಿಡಿದು ನಿಂತರೆ ಅದೇ ಫೋಟೋ ನಾಳೆ ಲೈಸೆನ್ಸ್ ರದ್ದು ಮಾಡಲು ಸಾಕ್ಷಿ ಆಗಬಹುದು. ಹಾಗಾಗಿ ಸಣ್ಣ ಪಿಸ್ತೂಲು ಆರಿಸುವುದು ಕಾನೂನು ಪಾಲಿಸುವುದಕ್ಕೂ ಅನುಕೂಲ.

9 ಎಂಎಂ ತಗೊಳ್ಳಬಹುದಾ?

ಆಗಲ್ಲ. 9 ಎಂಎಂ ಸೇನೆ ಮತ್ತು ಪೊಲೀಸರು ಬಳಸುವ ಗುಂಡು, ಅದಕ್ಕೇ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ) ಪಟ್ಟಿಯಲ್ಲಿದೆ. .38 ಮತ್ತು .455 (ಇವು ಇಂಚಿನ ಲೆಕ್ಕ) ಕೂಡ ಹಾಗೇ. ಅದಕ್ಕೆ ಡಿಸಿ ಲೈಸೆನ್ಸ್ ಕೊಡುವ ಹಾಗಿಲ್ಲ, ಕೇಂದ್ರ ಗೃಹ ಸಚಿವಾಲಯದ ಮಟ್ಟಕ್ಕೆ ಹೋಗುತ್ತದೆ. ಸಾಮಾನ್ಯ ಜನರಿಗೆ ಉಳಿಯುವುದು .32, ಮತ್ತು ಅದಕ್ಕಿಂತ ಸಣ್ಣ .22, .25. ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸುವ ಸಣ್ಣ 9 ಎಂಎಂ ಪಿಸ್ತೂಲುಗಳನ್ನು ನೋಡಿ ಆಸೆ ಪಡಬೇಡಿ. ಹಿಡಿಯುವ ರೀತಿ, ಹೋಲ್‌ಸ್ಟರ್ ಬಗ್ಗೆ ಅವರು ಹೇಳುವುದರಲ್ಲಿ ಕಲಿಯುವುದು ಇದೆ. ಮಾಡೆಲ್ ಬಗ್ಗೆ ಹೇಳುವುದು ನಮಗೆ ಉಪಯೋಗಕ್ಕೆ ಬರಲ್ಲ.

.32 ಸಾಕಾಗುತ್ತಾ? ಶಕ್ತಿ ಕಡಿಮೆ ಅಂತಾರಲ್ಲ?

9 ಎಂಎಂಗೆ ಹೋಲಿಸಿದರೆ ಕಡಿಮೆ, ನಿಜ. ಪಿಸ್ತೂಲಿನ .32 ಗುಂಡು, ಅಂದರೆ 7.65 ಎಂಎಂ, ಅಮೆರಿಕದ ಬಂದೂಕು ವಿನ್ಯಾಸಗಾರ ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಮಾಡಿದ್ದು. ತೂಕ 71 ಗ್ರೇನ್, ಸುಮಾರು ನಾಲ್ಕೂವರೆ ಗ್ರಾಂ. ಯುರೋಪಿನ ಪೊಲೀಸರು ಎಷ್ಟೋ ದಶಕ ಇದನ್ನೇ ನಂಬಿಕೊಂಡು ಕೆಲಸ ಮಾಡಿದರು. ಪ್ರಾಣ ತೆಗೆಯುವ ಶಕ್ತಿ ಅದಕ್ಕೆ ಚೆನ್ನಾಗಿಯೇ ಇದೆ.

ಆತ್ಮರಕ್ಷಣೆಯ ಸಂದರ್ಭ ಬರುವುದು ಐದಾರು ಮಾರು ದೂರದಲ್ಲಿ, ಕತ್ತಲಲ್ಲಿ, ಕೈ ನಡುಗುವಾಗ. ಆಗ ಗುಂಡು ಎಲ್ಲಿ ಬೀಳುತ್ತದೆ ಅನ್ನುವುದು ಎಷ್ಟು ದಪ್ಪ ಇದೆ ಅನ್ನುವುದಕ್ಕಿಂತ ಮುಖ್ಯ. ಒದೆತ ಕಡಿಮೆ ಇರುವುದರಿಂದ .32 ಹೊಸಬರ ಕೈಗೂ ಬೇಗ ಒಗ್ಗುತ್ತದೆ.

ಪಿಸ್ತೂಲು ಒಳ್ಳೇದಾ, ರಿವಾಲ್ವರ್ ಒಳ್ಳೇದಾ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಸ್ತೂಲು ಚಪ್ಪಟೆ. ಸೊಂಟಕ್ಕೆ ಅಂಟಿಕೊಂಡ ಹಾಗೆ ಕೂರುತ್ತದೆ, ಅಂಗಿ ಮೇಲೆ ಉಬ್ಬು ಕಾಣಲ್ಲ. ಮುಚ್ಚಿಟ್ಟುಕೊಳ್ಳುವುದಕ್ಕೆ ಅದೇ ಸುಲಭ. ರಿವಾಲ್ವರ್‌ನ ಗುಂಡಿನ ಉರುಳೆ ದಪ್ಪ. ತೆಳು ಕಾಟನ್ ಅಂಗಿಯಲ್ಲಿ ಅದು ಎದ್ದು ಕಾಣುತ್ತದೆ.

ಆದರೆ ಕೆಲಸ ಮಾಡುವ ರೀತಿ ನೋಡಿ. ಪಿಸ್ತೂಲಿನಲ್ಲಿ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಹಾಕಬೇಕು, ಸ್ಲೈಡ್ (ನಳಿಕೆಯ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಎಳೆದು ಬಿಡಬೇಕು, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸಣ್ಣ ಸನ್ನೆ) ತೆಗೆಯಬೇಕು. ಒಂದು ಗುಂಡು ಹುಸಿ ಆದರೆ ಮತ್ತೆ ಸ್ಲೈಡ್ ಎಳೆದು ಅದನ್ನು ಹೊರಗೆ ಹಾಕಬೇಕು. ಅಭ್ಯಾಸ ಇಲ್ಲದವರಿಗೆ ಗಾಬರಿಯಲ್ಲಿ ಇದು ಆಗಲ್ಲ. ರಿವಾಲ್ವರ್‌ನಲ್ಲಿ ಹುಸಿ ಆದರೆ ಟ್ರಿಗರ್ ಮತ್ತೆ ಒತ್ತಿದರೆ ಸಾಕು, ಉರುಳೆ ತಿರುಗಿ ಮುಂದಿನ ಗುಂಡು ಬರುತ್ತದೆ.

.32 ಪಿಸ್ತೂಲುಗಳಲ್ಲಿ ಇನ್ನೊಂದು ವಿಚಾರ ಇದೆ. ಇವುಗಳಲ್ಲಿ ಗುಂಡು ಹಾರುವ ಕ್ಷಣ ಸ್ಲೈಡನ್ನು ನಳಿಕೆಗೆ ಕಚ್ಚಿ ಹಿಡಿಯುವ ವ್ಯವಸ್ಥೆ ಇರಲ್ಲ. ಗುಂಡಿನ ಒತ್ತಡವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಒಳಗಿನ ಸ್ಪ್ರಿಂಗ್. ಅದಕ್ಕೇ ಸ್ಪ್ರಿಂಗ್ ಬಿಗಿ. ಅದು ಬಿಗಿ ಇರುವುದರಿಂದ ಸ್ಲೈಡ್ ಎಳೆಯುವುದು ಕಷ್ಟ. ಬೆರಳಲ್ಲಿ ಕೀಲುನೋವು ಇರುವ ವಯಸ್ಸಾದವರಿಗೆ, ಕೈ ಸಣ್ಣ ಇರುವವರಿಗೆ ಇದು ದೊಡ್ಡ ತೊಂದರೆ. ರಿವಾಲ್ವರ್‌ನಲ್ಲಿ ಎಳೆಯುವ ಕೆಲಸವೇ ಇಲ್ಲ. ಟ್ರಿಗರ್ ಮಾತ್ರ ಭಾರ, ಉದ್ದಕ್ಕೆ ಒತ್ತಬೇಕು.

ನನ್ನ ಅಭಿಪ್ರಾಯ ಕೇಳಿದರೆ: ತಿಂಗಳಿಗೆ ಒಮ್ಮೆಯೂ ಅಭ್ಯಾಸ ಮಾಡಲು ಆಗದವರು ರಿವಾಲ್ವರ್ ತಗೊಳ್ಳಿ. ಸರಿಯಾಗಿ ಕಲಿತು, ಬಿಡದೆ ಅಭ್ಯಾಸ ಮಾಡುವವರು ಪಿಸ್ತೂಲು ತಗೊಳ್ಳಿ. ಸುಮ್ನೆ ಚೆನ್ನಾಗಿ ಕಾಣುತ್ತದೆ ಅಂತ ಪಿಸ್ತೂಲು ಬೇಡ.

ಹೊಸದರಲ್ಲಿ ಏನೇನು ಸಿಗುತ್ತೆ?

ಹೆಚ್ಚಿನವು ಸರ್ಕಾರಿ ಕಾರ್ಖಾನೆಗಳವು. ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿಗಳು 2021ರ ಅಕ್ಟೋಬರ್‌ನಿಂದ ಏಳು ಕಂಪನಿಗಳಾದವು. ಕಾನ್ಪುರ ಮತ್ತು ಇಚ್ಛಾಪುರದ ಕಾರ್ಖಾನೆಗಳು ಈಗ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕೆಳಗೆ ಬರುತ್ತವೆ.

ಪಿಸ್ತೂಲಿನಲ್ಲಿ ಇಚ್ಛಾಪುರದ ಅಶನಿ, .32. ರಿವಾಲ್ವರ್‌ನಲ್ಲಿ ಕಾನ್ಪುರದ .32 ಮಾದರಿಗಳು, ನಡುವೆ ಮಡಚಿ ಗುಂಡು ತುಂಬುವ, ಬ್ರಿಟನ್ನಿನ ವೆಬ್ಲಿ ಕಂಪನಿಯ ಹಳೆ ವಿನ್ಯಾಸದವು. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಹೆಂಗಸರಿಗೆ ಅಂತ ಹೆಸರಾಯಿತು, ಆದರೆ ಬಂದಾಗಲೇ ಬೆಲೆ ಲಕ್ಷ ದಾಟಿತ್ತು. 2023ರಲ್ಲಿ ಬಂದ ಪ್ರಬಲ್ ಪಕ್ಕಕ್ಕೆ ತೆರೆಯುವ ಉರುಳೆಯದ್ದು, ನಳಿಕೆ 76 ಮಿಲಿಮೀಟರ್, ತೂಕ 700 ಗ್ರಾಂ ಹತ್ತಿರ. ಖಾಸಗಿಯಲ್ಲಿ ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ತಯಾರಾಗುತ್ತದೆ.

ಬೆಲೆ ಬದಲಾಗುತ್ತಲೇ ಇರುತ್ತದೆ. ಗನ್ ಹೌಸಿನಲ್ಲಿ ಆ ದಿನದ ಬೆಲೆ ಕೇಳಿ, ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಹಗುರ ಇದ್ದಷ್ಟೂ ಒಳ್ಳೇದು ಅಲ್ವಾ?

ಒಯ್ಯುವುದಕ್ಕೆ ಒಳ್ಳೇದು, ಹೊಡೆಯುವುದಕ್ಕೆ ಅಲ್ಲ. ಅದೇ ಗುಂಡನ್ನು ಹಗುರ ಪಿಸ್ತೂಲಿನಿಂದ ಹಾರಿಸಿದರೆ ಒದೆತ ಜಾಸ್ತಿ. ನಳಿಕೆ ಗಿಡ್ಡ ಆದಷ್ಟೂ ಗುರಿ ಹಿಡಿಯುವ ಎರಡು ಮೊಳೆಗಳ ನಡುವಿನ ಅಂತರ ಕಡಿಮೆ, ಕೈ ಚೂರು ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಹಿಡಿ ತೀರಾ ಗಿಡ್ಡ ಆದರೆ ಕಿರುಬೆರಳಿಗೆ ಜಾಗವೇ ಇರಲ್ಲ. ಮಧ್ಯದ ಅಳತೆ ನೋಡಿ. 600ರಿಂದ 700 ಗ್ರಾಂ ತೂಕ ಒಂದು ವಾರದಲ್ಲಿ ಸೊಂಟಕ್ಕೆ ರೂಢಿ ಆಗುತ್ತದೆ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಏನು ನೋಡಬೇಕು?

ಅವಸರ ಮಾಡಬೇಡಿ. ಮೊದಲು ಖಾಲಿ ಇದೆಯಾ ಅಂತ ನೀವೇ ನೋಡಿ. ಮ್ಯಾಗಜಿನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆ ಎಳೆದು ಒಳಗೆ ಕಣ್ಣಿಂದಲೂ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಅಂಗಡಿಯವರು "ಖಾಲಿ ಇದೆ ಸಾರ್" ಅಂದರೂ ನೋಡಿ. ನಳಿಕೆಯ ಬಾಯಿ ಯಾರ ಕಡೆಗೂ ತಿರುಗಬಾರದು.

ಆಮೇಲೆ ಹಿಡಿಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗಕ್ಕೆ ಮೇಲಿನವರೆಗೆ ಕೂರಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರಬೇಕು. ಬೆರಳು ಎಟುಕದೆ ಕೈ ಓರೆ ಆದರೆ ಆ ಪಿಸ್ತೂಲು ನಿಮ್ಮದಲ್ಲ. ಹೆಬ್ಬೆರಳು ಎತ್ತಿ ಸೇಫ್ಟಿ ಮುಟ್ಟಿ, ಹಿಡಿತ ಬಿಡದೆ ಎಟುಕುತ್ತಾ? ಸ್ಲೈಡನ್ನು ಹತ್ತು ಸಲ ಎಳೆದು ಬಿಡಿ. ಐದನೇ ಸಲಕ್ಕೇ ಕೈ ಸೋತರೆ ರಿವಾಲ್ವರ್ ಕಡೆ ನೋಡಿ.

ಹಿಡಿಯ ಬದಿಯ ತಿರುಪುಗಳು, ಸ್ಲೈಡಿನ ಅಂಚುಗಳನ್ನು ಬೆರಳಿಂದ ಸವರಿ. ಚೂಪು ಅಂಚು ಇದ್ದರೆ ಬೆವರಿದ ಚರ್ಮವನ್ನು ಅದು ದಿನಾ ಉಜ್ಜುತ್ತದೆ, ಅಂಗಿಯೂ ಹರಿಯುತ್ತದೆ. ಕೊನೆಗೆ ದೇಹದ ಮೇಲೆ ಕೊರೆದ ನಂಬರ್, ಬಿಲ್ಲಿನ ನಂಬರ್, ಲೈಸೆನ್ಸಿನಲ್ಲಿ ಬರೆಯುವ ನಂಬರ್ ಮೂರೂ ಒಂದೇನಾ ಅಂತ ಒಂದೊಂದೇ ಅಂಕಿ ಓದಿ. ಒಂದು ಅಂಕಿ ತಪ್ಪಾದರೂ ಅದನ್ನು ಸರಿ ಮಾಡಿಸಲು ಓಡಾಡಿ ಸುಸ್ತಾಗುತ್ತೀರಿ.

ಪಂಚೆ ಉಡುವವರು ಎಲ್ಲಿ ಇಟ್ಟುಕೊಳ್ಳಬೇಕು?

ನಮ್ಮ ಕಡೆಯ ಅರ್ಧ ವ್ಯಾಪಾರಸ್ಥರ ಪ್ರಶ್ನೆ ಇದು. ಪಂಚೆಯ ಗಂಟಿಗೆ ಸಿಕ್ಕಿಸಬೇಡಿ. ಕೂತು ಏಳುವಾಗ ಜಾರುತ್ತದೆ. ನಿಕ್ಕರ್ ಜೇಬಿಗೂ ಬೇಡ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಇದ್ದರೆ ಏನಾದರೂ ಟ್ರಿಗರ್ ಒಳಗೆ ತೂರುವ ಅಪಾಯ ಇದೆ. ಪಂಚೆ ಮೇಲೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ, ಅದಕ್ಕೆ ಹೋಲ್‌ಸ್ಟರ್ ಹಾಕಿ, ಮೇಲೆ ಸಡಿಲ ಅಂಗಿ ಅಥವಾ ಜುಬ್ಬ ಬಿಡಿ. ಪ್ಯಾಂಟ್ ಹಾಕುವವರಿಗೆ ಸೊಂಟದ ಒಳಬದಿಯ ಹೋಲ್‌ಸ್ಟರ್ ಚೆನ್ನಾಗಿ ಅಡಗುತ್ತದೆ. ಆದರೆ ಪ್ಯಾಂಟ್ ಒಂದು ಅಳತೆ ದೊಡ್ಡದು ಬೇಕು.

ಹೋಲ್‌ಸ್ಟರ್ ಬಗ್ಗೆ ಜಿಪುಣತನ ಬೇಡ. ಲಕ್ಷ ಕೊಟ್ಟು ಪಿಸ್ತೂಲು ತಗೊಂಡು ಇನ್ನೂರು ರೂಪಾಯಿಯ ಬಟ್ಟೆ ಚೀಲದಲ್ಲಿ ಇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳ್ಳೆ ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುತ್ತದೆ, ಬಗ್ಗಿದರೂ ಪಿಸ್ತೂಲು ಬೀಳಲ್ಲ, ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳಲ್ಲ. ಆ ಮಾಡೆಲ್ಲಿನ ಅಳತೆಗೇ ಹೊಲಿಸಿದ ದಪ್ಪ ಚರ್ಮದ್ದು ಆಗಿರಲಿ.

ಬೈಕಿನಲ್ಲಿ ಹೋಗುವವರು ಟ್ಯಾಂಕ್ ಬ್ಯಾಗಿಗೋ ಸ್ಕೂಟರ್ ಡಿಕ್ಕಿಗೋ ಹಾಕಬೇಡಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ದೋಸೆ ತಿನ್ನಲು ಇಳಿಯುವುದಂತೂ ಬೇಡವೇ ಬೇಡ. ಮೈಮೇಲೆ ಇರಬೇಕು, ಇಲ್ಲ ಬೀಗದ ಒಳಗೆ ಇರಬೇಕು.

ಬೆವರು, ಧೂಳಿಗೆ ಏನು ಮಾಡಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸೊಂಟದ ಪಟ್ಟಿ ಒದ್ದೆ ಆಗಿಯೇ ಇರುತ್ತದೆ. ಕಪ್ಪು ಬಣ್ಣದ ಉಕ್ಕಿಗೆ ಬೆವರು ತಗುಲಿದರೆ ಬೇಗ ತುಕ್ಕು ಹಿಡಿಯುತ್ತದೆ. ರಾತ್ರಿ ಬಿಚ್ಚಿಟ್ಟಾಗ ಒಣ ಬಟ್ಟೆಯಲ್ಲಿ ಒರೆಸಿ, ಬಂದೂಕಿನ ಎಣ್ಣೆ ತೆಳುವಾಗಿ ಸವರಿ. ಎಣ್ಣೆ ಜಾಸ್ತಿ ಆದರೆ ಚಳ್ಳಕೆರೆ, ಹಿರಿಯೂರಿನ ಗಾಳಿಯ ಧೂಳೆಲ್ಲಾ ಅಂಟಿ ಒಳಗೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಬೇಡ.

ಗುಂಡು ತುಂಬಿಯೇ ಇಟ್ಟುಕೊಳ್ಳಬೇಕಾ?

ಮೈಮೇಲೆ ಒಯ್ಯುವಾಗ, ಪಿಸ್ತೂಲಾದರೆ ಮ್ಯಾಗಜಿನ್‌ನಲ್ಲಿ ಗುಂಡು, ನಳಿಕೆ ಖಾಲಿ. ತರಬೇತಿ ಕೊಟ್ಟವರು ನಿಮ್ಮ ಕೈ ನೋಡಿ ಬೇರೆ ಹೇಳುವವರೆಗೆ ಇದೇ ಇರಲಿ. ಹಳೇ ಪಿಸ್ತೂಲುಗಳಲ್ಲಿ ಕೆಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ ಇರಲ್ಲ. ಅಂಥದನ್ನು ನಳಿಕೆಯಲ್ಲಿ ಗುಂಡು ಇಟ್ಟು ಒಯ್ಯಲೇಬಾರದು.

ಎರಡಕ್ಕೂ ಒಂದೇ .32 ಗುಂಡು ಆಗುತ್ತಾ?

ಇಲ್ಲ. ಪಿಸ್ತೂಲಿನದ್ದು ಬೇರೆ, ರಿವಾಲ್ವರ್‌ನದ್ದು ಬೇರೆ. ರಿವಾಲ್ವರ್ ಗುಂಡು ಉದ್ದ, ತಳದಲ್ಲಿ ಅಗಲ ಅಂಚು ಇರುತ್ತದೆ. ಡಬ್ಬಿ ಓದದೆ ತರಬೇಡಿ. ತಳದಲ್ಲಿ ಕೆಎಫ್ ಅಂತ ಇಂಗ್ಲಿಷಿನಲ್ಲಿ ಒತ್ತಿರುವುದು ಪುಣೆಯ ಖಡ್ಕಿ ಕಾರ್ಖಾನೆಯದ್ದು.

ಪಿಸ್ತೂಲಿನ ಗುಂಡಿಗೂ ತಳದಲ್ಲಿ ಚೂರೇ ಚೂರು ಅಂಚು ಹೊರಗೆ ಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದ್ದರ ಅಂಚಿಗಿಂತ ಮುಂದೆ ಕೂತಿದೆಯಾ ನೋಡಿ. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಕೊಂಡು ಪಿಸ್ತೂಲು ಕಚ್ಚಿಕೊಳ್ಳುತ್ತದೆ. ಎಷ್ಟು ಗುಂಡು ಇಟ್ಟುಕೊಳ್ಳಬಹುದು ಅನ್ನುವುದು ಲೈಸೆನ್ಸಿನಲ್ಲೇ ಬರೆದಿರುತ್ತದೆ, ಅದಕ್ಕಿಂತ ಒಂದೂ ಜಾಸ್ತಿ ಇರಬಾರದು.

ಹಳೇ ವಿದೇಶಿ ಪಿಸ್ತೂಲು ಮಾರಾಟಕ್ಕಿದೆ ಅಂತಾರೆ. ತಗೊಳ್ಳಲಾ?

ಸಾಮಾನ್ಯ ಜನ ಹೊರದೇಶದಿಂದ ತರಿಸಿಕೊಳ್ಳುವುದು 1980ರ ದಶಕದಿಂದಲೇ ನಿಂತಿದೆ. ಅದಕ್ಕೇ ಇರುವ ಹಳೇ ವಾಲ್ಥರ್, ಬ್ರೌನಿಂಗ್‌ಗಳಿಗೆ ಲಕ್ಷಗಟ್ಟಲೆ ಬೆಲೆ. ಮಾಡಿದ ಕೈಚಳಕ ನಿಜವಾಗಿಯೂ ಚೆನ್ನಾಗಿರುತ್ತದೆ. ಆದರೆ ಸ್ಪ್ರಿಂಗ್ ಸೋತಿದ್ದರೆ, ಮ್ಯಾಗಜಿನ್ ಕಳೆದಿದ್ದರೆ ಬಿಡಿಭಾಗ ಸಿಗಲ್ಲ. ದಿನಾ ಒಯ್ಯುವುದಕ್ಕೆ ನಾನಂತೂ ಹೊಸ ದೇಶಿ ಮಾಲನ್ನೇ ಹೇಳುತ್ತೇನೆ.

ಹಳೇದನ್ನೇ ತಗೊಳ್ಳುವುದಾದರೆ ಮಾರುವವರ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಒಬ್ಬ ಲೈಸೆನ್ಸುದಾರ ಇನ್ನೊಬ್ಬರಿಗೆ ಮಾರುವಾಗ 45 ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಕೈಯಿಂದ ಕೈಗೆ ಕೊಟ್ಟು ಆಮೇಲೆ ಕಾಗದ ಮಾಡೋಣ ಅನ್ನುವವರ ಹತ್ತಿರ ಹೋಗಬೇಡಿ.

ಹರಿಹರದ ಸೇತುವೆ ದಾಟಿದರೆ ಲೈಸೆನ್ಸ್ ನಡೆಯುತ್ತಾ?

ಲೈಸೆನ್ಸಿನಲ್ಲಿ ವ್ಯಾಪ್ತಿ ಏನು ಬರೆದಿದೆ ನೋಡಿ. ಜಿಲ್ಲೆಗೆ ಮಾತ್ರ ಅಂತಿದ್ದರೆ ಹರಿಹರದಲ್ಲಿ ತುಂಗಭದ್ರೆ ದಾಟಿದ ಕೂಡಲೇ ಹಾವೇರಿ ಜಿಲ್ಲೆ, ಅಲ್ಲಿ ನಡೆಯಲ್ಲ. ರಾಜ್ಯಕ್ಕೆ ಅಂತಿದ್ದರೂ ಮೊಳಕಾಲ್ಮೂರಿಂದ ರಾಯದುರ್ಗಕ್ಕೆ ಹೋದರೆ ಅದು ಆಂಧ್ರ. ವ್ಯಾಪಾರಕ್ಕೆ ಪಕ್ಕದ ಜಿಲ್ಲೆಗೆ ಹೋಗುವವರು ಅರ್ಜಿಯಲ್ಲೇ ಕಾರಣ ಬರೆದು ರಾಜ್ಯ ವ್ಯಾಪ್ತಿ ಕೇಳಿ.

ಹೈವೇ ತಪಾಸಣೆಯಲ್ಲಿ ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟು, "ಸಾರ್, ನನ್ನ ಹತ್ತಿರ ಲೈಸೆನ್ಸ್ ಪಿಸ್ತೂಲು ಇದೆ" ಅಂತ ಮೊದಲೇ ಹೇಳಿ. ಅವರು ಹೇಳುವವರೆಗೆ ಸೊಂಟದ ಹತ್ತಿರ ಕೈ ಹಾಕಬೇಡಿ.

ಜಾತ್ರೆಗೆ, ಗಣಪತಿ ಮೆರವಣಿಗೆಗೆ ಒಯ್ಯಬಹುದಾ?

ಮನೆಯಲ್ಲಿ ಬೀಗ ಹಾಕಿಟ್ಟು ಹೋಗಿ. ನಾಯಕನಹಟ್ಟಿ ತೇರು, ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಲ್ಲಿ ಸೊಂಟದ ಮೇಲೆ ಯಾರ ಕೈ ಇದೆ ಅಂತಲೇ ಗೊತ್ತಾಗಲ್ಲ. ದೊಡ್ಡ ಮೆರವಣಿಗೆಗಳ ಹೊತ್ತಿಗೆ ಆಯುಧ ಒಯ್ಯಬಾರದು ಅಂತ ಡಿಸಿ ಆದೇಶ ಹೊರಡಿಸುವುದೂ ಉಂಟು. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕುಡಿಯುವ ಜಾಗಕ್ಕೆ ಹೋಗುವುದಿದ್ದರೂ ಮನೆಯಲ್ಲೇ ಬಿಡಿ.

ಚುನಾವಣೆ ಬಂದಾಗ ಒಪ್ಪಿಸಲೇಬೇಕಾ?

ಡಿಸಿ, ಎಸ್‌ಪಿ ಇರುವ ಸಮಿತಿ ಕೂತು ಯಾರದನ್ನು ತಗೊಳ್ಳಬೇಕು ಅಂತ ತೀರ್ಮಾನಿಸುತ್ತದೆ. ನಿಮಗೆ ನಿಜವಾದ ಬೆದರಿಕೆ ಇದ್ದರೆ ವಿನಾಯಿತಿಗೆ ಅರ್ಜಿ ಕೊಡಬಹುದು. 2024ರ ಲೋಕಸಭೆ ಚುನಾವಣೆಯಲ್ಲಿ ಚಿತ್ರದುರ್ಗಕ್ಕೆ ಏಪ್ರಿಲ್ 26, ದಾವಣಗೆರೆಗೆ ಮೇ 7ಕ್ಕೆ ಮತದಾನ ಆಯಿತು. ಆದರೆ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್‌ವರೆಗೂ ಇತ್ತು. ಅಷ್ಟು ದಿನ ಪಿಸ್ತೂಲು ಇಲ್ಲದೆ ಇರುವುದಕ್ಕೆ ತಯಾರಿರಬೇಕು. ಒಪ್ಪಿಸುವಾಗ ಎಣ್ಣೆ ಸವರಿ ಕೊಡಿ, ನಂಬರ್ ಇರುವ ರಸೀದಿ ತಗೊಳ್ಳಿ.

ಮನೆಯಲ್ಲಿ ಮಕ್ಕಳಿದ್ದಾರೆ. ಎಲ್ಲಿಡುವುದು?

ಪಿಸ್ತೂಲು ತಗೊಳ್ಳುವ ಮುಂಚೆ ಇದಕ್ಕೆ ಉತ್ತರ ಸಿಗಬೇಕು. ಸಿಗದಿದ್ದರೆ ಪಿಸ್ತೂಲು ಬೇಡ.

ಸೀರೆ ಮಡಿಕೆ ಕೆಳಗೆ, ದಿಂಬಿನ ಅಡಿ, ಬೀರುವಿನ ಮೇಲೆ, ದೇವರ ಮನೆಯ ಅಟ್ಟದಲ್ಲಿ. ಇವೆಲ್ಲಾ ಮಕ್ಕಳಿಗೆ ಗೊತ್ತಿರುವ ಜಾಗಗಳೇ. ಅಪ್ಪ ಎಲ್ಲಿ ಇಡುತ್ತಾರೆ ಅಂತ ಆರು ವರ್ಷದ ಮಗುವಿಗೂ ಗೊತ್ತಿರುತ್ತದೆ. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿದ ಸಣ್ಣ ಕಬ್ಬಿಣದ ಪೆಟ್ಟಿಗೆ ತಗೊಳ್ಳಿ. ನಂಬರ್ ಬೀಗ ಆದರೆ ಮಕ್ಕಳ ಹುಟ್ಟಿದ ದಿನ ಇಡಬೇಡಿ. ಗುಂಡು ಬೇರೆ ಪೆಟ್ಟಿಗೆಯಲ್ಲಿ ಇರಲಿ. ಸುರಕ್ಷಿತವಾಗಿ ಇಡುತ್ತೇನೆ ಅಂತ ಅರ್ಜಿ ಜೊತೆ ಮುಚ್ಚಳಿಕೆ ಬರೆದುಕೊಟ್ಟಿರುತ್ತೀರಿ, ಅದು ಬರೀ ಕಾಗದ ಅಲ್ಲ.

ಇದು ಮಕ್ಕಳ ವಿಚಾರ ಮಾತ್ರ ಅಲ್ಲ. ಸಾಲದ ಕಷ್ಟದಲ್ಲಿ ಇರುವವರು, ಮನಸ್ಸು ಕುಗ್ಗಿರುವವರು, ಕುಡಿದು ಸಿಟ್ಟಾಗುವವರು ಮನೆಯಲ್ಲಿ ಇದ್ದರೆ ಆ ಮನೆಯಲ್ಲಿ ಪಿಸ್ತೂಲು ಇರಬಾರದು. ಅದು ನೀವೇ ಆಗಿದ್ದರೆ ಇವತ್ತೇ ಠಾಣೆಯಲ್ಲೋ ಗನ್ ಹೌಸಿನಲ್ಲೋ ಒಪ್ಪಿಸಿ ಬನ್ನಿ. ಮನಸ್ಸು ಸರಿಹೋದ ಮೇಲೆ ಮುಂದಿನದು ನೋಡಿದರಾಯಿತು. ಮಾತಾಡಬೇಕು ಅನ್ನಿಸಿದರೆ ಟೆಲಿಮಾನಸ್ ಸಹಾಯವಾಣಿ 14416, ಯಾವ ಹೊತ್ತಿನಲ್ಲಾದರೂ ಉಚಿತ.

ಆಯುಧಪೂಜೆಗೆ ಇಡಬಹುದಾ?

ಇಡಿ, ಆದರೆ ಪೂರ್ತಿ ಖಾಲಿ ಮಾಡಿ, ಗುಂಡು ಬೇರೆ ಕೋಣೆಯಲ್ಲಿ ಇಟ್ಟು. ಕುಂಕುಮ, ವಿಭೂತಿಯನ್ನು ಲೋಹದ ಮೇಲೆ ನೇರ ಹಚ್ಚಬೇಡಿ. ಪುಡಿ ಎಣ್ಣೆ ಜೊತೆ ಸೇರಿ ಸ್ಲೈಡ್ ಜಾರುವ ಕಚ್ಚಿನಲ್ಲಿ, ಸೇಫ್ಟಿಯ ಸಂದಿಯಲ್ಲಿ ಕೂರುತ್ತದೆ. ಪೂಜೆ ನೀರು ಒಳಗೆ ಹೋದರೆ ತುಕ್ಕು. ಹೋಲ್‌ಸ್ಟರಿಗೆ ಕುಂಕುಮ ಇಟ್ಟು ಹೂವು ಮುಡಿಸಿ, ದೇವರು ಬೇಡ ಅನ್ನಲ್ಲ. ಪೂಜೆ ಮುಗಿದ ಕೂಡಲೇ ಪೆಟ್ಟಿಗೆಗೆ ಹೋಗಬೇಕು, ರಾತ್ರಿಯೆಲ್ಲಾ ದೇವರ ಮುಂದೆ ಬಿಡಬಾರದು.

ಜೋಗಿಮಟ್ಟಿ ಕಡೆ ಕರಡಿ ಕಾಟ. ಇದು ಉಪಯೋಗಕ್ಕೆ ಬರುತ್ತಾ?

ಬರಲ್ಲ. .32 ಗುಂಡು ಕರಡಿಯನ್ನು ನಿಲ್ಲಿಸಲ್ಲ, ಕೆರಳಿಸುತ್ತದೆ. ಕರಡಿ ಕಾನೂನಿನ ರಕ್ಷಣೆ ಇರುವ ಪ್ರಾಣಿ ಬೇರೆ. ಕತ್ತಲಲ್ಲಿ ಹೊಲಕ್ಕೆ ಹೋಗುವಾಗ ಜೋರು ಬೆಳಕಿನ ಟಾರ್ಚ್, ಜೊತೆಗೆ ಒಬ್ಬರು, ಸದ್ದು ಮಾಡಿಕೊಂಡು ನಡೆಯುವುದು. ಇದೇ ಸರಿ.

ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ, ಅಲ್ಲಿಂದ ತರಬಹುದಾ?

ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ) ಮಾತ್ರ. ನಮಗೆ ಅದರಿಂದ ಏನೂ ಸಿಗಲ್ಲ. ಹಾಗೇ ಯಾರೋ ಕಡಿಮೆ ದುಡ್ಡಿಗೆ ಕೊಡುವ ನಾಡ ಪಿಸ್ತೂಲಿನ ಮಾತನ್ನು ಕೇಳಲೇಬೇಡಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ಅದೂ ಅಲ್ಲದೆ ಅಂಥವು ಕೈಯಲ್ಲೇ ಸಿಡಿಯುತ್ತವೆ.

ತರಬೇತಿ ಎಲ್ಲಿ ಸಿಗುತ್ತೆ?

ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ. ಮುಂದಿನದು ಯಾವಾಗ ಅಂತ ಎಸ್‌ಪಿ ಆಫೀಸಿನಲ್ಲಿ ಕೇಳಿ. ಬಿಚ್ಚಿ ಜೋಡಿಸುವುದು, ಗುರಿ, ಸುರಕ್ಷತೆ ಎಲ್ಲಾ ಶಿಸ್ತಾಗಿ ಹೇಳಿಕೊಡುತ್ತಾರೆ. ನಿಯಮದ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. ಮನೆಯ ಹಿತ್ತಲಲ್ಲಿ, ತೋಟದಲ್ಲಿ ತೆಂಗಿನ ಮರಕ್ಕೆ ಹೊಡೆದು ಅಭ್ಯಾಸ ಮಾಡುವುದು ಬೇಡ.

ಕಳ್ಳ ಬಂದಾಗ ಹೊಡೆದರೆ ಕೇಸು ಆಗುತ್ತಾ?

ಗುಂಡು ಹಾರಿದರೆ ತನಿಖೆ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಪ್ರಾಣಕ್ಕೆ ಅಥವಾ ಗಂಭೀರ ಗಾಯದ ಅಪಾಯ ಎದುರಿಗೇ ಇದ್ದರೆ ಎದುರಾಳಿಯ ಸಾವಿನವರೆಗೂ ಹಕ್ಕು ಹೋಗುತ್ತದೆ. ಆದರೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ, ಪೊಲೀಸರ ಸಹಾಯ ಪಡೆಯಲು ಸಮಯ ಇದ್ದಾಗ ಈ ಹಕ್ಕೇ ಇಲ್ಲ. ಅಡಿಕೆ ಗೊನೆ ಕದ್ದು ಓಡುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗಲ್ಲ. ಬಾಗಿಲು ಹಾಕಿಕೊಂಡು 112ಕ್ಕೆ ಫೋನ್ ಮಾಡಲು ಆಗುವಂತಿದ್ದರೆ ಅದನ್ನೇ ಮಾಡಿ.

ಹೆಂಗಸರು, ಒಂಟಿಯಾಗಿ ಓಡಾಡುವ ಹುಡುಗಿಯರು ಕೇಳಿದಾಗ ನಾನು ಮೊದಲು ಹೇಳುವುದು ಪೆಪ್ಪರ್ ಸ್ಪ್ರೇ. ಅದಕ್ಕೆ ಲೈಸೆನ್ಸ್ ಬೇಡ, ತಪ್ಪಾದರೂ ಪ್ರಾಣ ಹೋಗಲ್ಲ.

ಅಪ್ಪನ ರಿವಾಲ್ವರ್ ಇದೆ, ಅವರು ತೀರಿಕೊಂಡರು. ನಾನು ಇಟ್ಟುಕೊಳ್ಳಬಹುದಾ?

ಲೈಸೆನ್ಸ್ ಅಪ್ಪನದ್ದು, ನಿಮ್ಮದಲ್ಲ. ತಡ ಮಾಡದೆ ಠಾಣೆಗೋ ಡೀಲರಿಗೋ ಒಪ್ಪಿಸಿ, ವಾರಸುದಾರ ಅಂತ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಅಪ್ಪ ಬದುಕಿದ್ದಾಗಲೇ, ಅವರಿಗೆ 70 ವರ್ಷ ಆದ ಮೇಲೆ ಅಥವಾ ಬಂದೂಕು ಇಟ್ಟು 25 ವರ್ಷ ಆದ ಮೇಲೆ, ಮಕ್ಕಳ ಹೆಸರಿಗೆ ಮಾಡಿಸಲು ಅವಕಾಶ ಇದೆ. ಅದೇ ಸುಲಭ.

ದಾವಣಗೆರೆ ಜಿಲ್ಲೆಯವರು ಒಂದು ವಿಚಾರ ಗಮನಿಸಿ. ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಳೆಯ ಲೈಸೆನ್ಸ್ ಆದರೆ ದಾವಣಗೆರೆ, ಹರಿಹರ, ಜಗಳೂರಿನ ಮೂಲ ದಾಖಲೆ ಚಿತ್ರದುರ್ಗದ್ದು, ಚನ್ನಗಿರಿ, ಹೊನ್ನಾಳಿಯದ್ದು ಶಿವಮೊಗ್ಗದ್ದು. ಈಗಿನ ರಾಷ್ಟ್ರೀಯ ದಾಖಲೆಯಲ್ಲಿ ಪ್ರತಿ ಲೈಸೆನ್ಸಿಗೂ ಯುಐಎನ್ ಅನ್ನುವ ಗುರುತಿನ ನಂಬರ್ ಇರಬೇಕು. ಹಳೇ ಪುಸ್ತಕದಲ್ಲಿ ಆ ನಂಬರ್ ಇದೆಯಾ ಮೊದಲು ನೋಡಿ, ಆಮೇಲೆ ಡಿಸಿ ಆಫೀಸಿಗೆ ಹೋಗಿ.

ಪಿಸ್ತೂಲು ಕಳೆದುಹೋದರೆ? ಇಲ್ಲ, ಇನ್ನು ಬೇಡ ಅನ್ನಿಸಿದರೆ?

ಕಳೆದರೆ ಆ ಕ್ಷಣವೇ ಠಾಣೆಗೆ ಹೋಗಿ ದೂರು ಕೊಡಿ, ಪ್ರತಿ ತಗೊಂಡು ಡಿಸಿ ಆಫೀಸಿಗೂ ಬರೆದು ತಿಳಿಸಿ. ನಾಳೆ ಹುಡುಕೋಣ ಅಂತ ಕೂರಬೇಡಿ. ಅದು ಬೇರೆಯವರ ಕೈ ಸೇರಿ ಏನಾದರೂ ಆದರೆ ಮೊದಲು ಹುಡುಕುವುದು ನಿಮ್ಮನ್ನು.

ಬೇಡ ಅನ್ನಿಸಿದರೆ ಡೀಲರಿಗೆ ಮಾರಬಹುದು, ಇಲ್ಲ ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮೇಲೆ ಹೇಳಿದ ಕ್ರಮದಲ್ಲಿ ಕೊಡಬಹುದು. ಉಳಿದ ಗುಂಡುಗಳನ್ನೂ ಲೆಕ್ಕ ಮಾಡಿ ಒಪ್ಪಿಸಿ. ಆಮೇಲೆ ಲೈಸೆನ್ಸ್ ರದ್ದು ಮಾಡಿ ಅಂತ ಅರ್ಜಿ ಕೊಟ್ಟು, ರದ್ದಾದ ಆದೇಶದ ಪ್ರತಿಯನ್ನು ಮಾರಾಟದ ರಸೀದಿ ಜೊತೆಗೇ ಫೈಲಿನಲ್ಲಿ ಇಟ್ಟುಕೊಳ್ಳಿ.